ಕ್ಷೇಮವೂ ನಿಶ್ಚಿಂತೆಯೂ

ಸಂಸಾರದ ಹೊಣೆಯನ್ನು ಹಿರಿಯರು ಎರಡು ಮಾತುಗಳಲ್ಲಿ ಅಡಗಿಸಿದ್ದಾರೆ: ಒಂದು ಯೋಗ, ಇನ್ನೊಂದು ಕ್ಷೇಮ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಇವೆರಡರಲ್ಲಿ ಲೋಕದ ಹೊಗಳಿಕೆಯು ಬಹುಮಟ್ಟಿಗೆ ಮೊದಲನೆಯದಕ್ಕೇ ಸಲ್ಲುತ್ತದೆ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ. ವರ್ಷವರ್ಷವೂ ಅದರ ಹೂಳೆತ್ತಿದವರ ಹೆಸರನ್ನು ಊರೇ ಮರೆಯುತ್ತದೆ. ಗಳಿಸುವಾಗ ಮನುಷ್ಯನಿಗೆ ಉತ್ಸಾಹವುಂಟು. ಕಾಯುವಾಗ ಬೇಸರವೇ ಹೆಚ್ಚು. ಆದುದರಿಂದ ಕಾಯುವ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ ತಾನು ನಿದ್ರೆಹೋಗಬೇಕೆಂಬುದು ಅವನ ಬಹುಕಾಲದ ಆಸೆ. ಕಾವಲನ್ನು ಒಪ್ಪಿಸಿದ ಮಾತ್ರಕ್ಕೆ ಹೊಣೆಯೂ ಕೈಬಿಡುವುದೇ ಎಂಬ ಪ್ರಶ್ನೆಯು ಆ ಆಸೆಯಷ್ಟೇ ಹಳೆಯದು. ಅದು ಈಗ ಮನೆಮನೆಯ ಕಂಪ್ಯೂಟರಿನ ಮುಂದೆ ಹೊಸ ರೂಪವನ್ನು ತಾಳಿ ನಿಂತಿದೆ.

ಒಂದು ತಲೆಮಾರಿನ ಹಿಂದೆ ಮನೆಯ ಕಾಗದಪತ್ರಗಳು ಪೆಟ್ಟಿಗೆಯಲ್ಲಿದ್ದವು. ಭಾವಚಿತ್ರಗಳು ಗೋಡೆಯ ಮೇಲಿದ್ದವು. ಇಂದು ಮದುವೆಯ ಚಿತ್ರಗಳು, ಮಕ್ಕಳ ತೊದಲುನುಡಿ, ಜಮೀನಿನ ಪತ್ರಗಳ ನಕಲು, ವರ್ಷಾವಧಿಯ ಲೆಕ್ಕ, ಅರ್ಧ ಬರೆದ ಗ್ರಂಥ, ತೀರಿಕೊಂಡ ತಾಯಿಯ ಹಾಡು, ಇವೆಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಸೇರಿಕೊಂಡಿವೆ. ಅದರೊಳಗಿನ ಬಿಲ್ಲೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮೊನೆಯು ಅವುಗಳನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಈಚಿನ ಯಂತ್ರಗಳಲ್ಲಿ ತಿರುಗುವ ಭಾಗವೇ ಇಲ್ಲ. ಆದರೂ ಅವುಗಳಿಗೂ ಆಯುಸ್ಸಿನ ಮಿತಿಯುಂಟು. ಯಾವುದೂ ಚಿರಂಜೀವಿಯಲ್ಲ. ಆದಕಾರಣ ಇದ್ದುದರ ಇನ್ನೊಂದು ಪ್ರತಿಯನ್ನು ಬೇರೆಡೆಯಲ್ಲಿ ಇಟ್ಟುಕೊಳ್ಳಬೇಕೆಂಬ ವಿವೇಕ ಹುಟ್ಟಿತು. ಈ ಪ್ರತಿಗೆ ಬ್ಯಾಕಪ್ ಎಂದು ಹೆಸರು; ಅದನ್ನು ತಾನಾಗಿ ಮಾಡಿಡತಕ್ಕ ತಂತ್ರಾಂಶಗಳು ಹತ್ತಾರು ಬಂದಿವೆ.

ಇವುಗಳ ಜಾಣ್ಮೆಯನ್ನು ಮೆಚ್ಚದಿರಲಾಗದು. 2007ರಲ್ಲಿ ಆ್ಯಪಲ್ ಕಂಪನಿಯು ಹೊರತಂದ ಟೈಮ್ ಮಷೀನ್ ಎಂಬ ತಂತ್ರಾಂಶವನ್ನೇ ನೋಡಬಹುದು. ಅದು ಕಳೆದ ಒಂದು ದಿನಕ್ಕೆ ಗಂಟೆಗೊಂದು, ಕಳೆದ ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನ ಕಾಲಕ್ಕೆ ವಾರಕ್ಕೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ; ಡಿಸ್ಕು ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ಅಳಿಸಿ ಹೊಸದಕ್ಕೆ ಎಡೆಮಾಡುತ್ತದೆ. ಬೇರೆ ಕೆಲವು ತಂತ್ರಾಂಶಗಳು ಮೊದಲೊಮ್ಮೆ ಪೂರ್ಣಪ್ರತಿಯನ್ನು ತೆಗೆದು, ಅನಂತರ ದಿನದಿನವೂ ಬದಲಾದಷ್ಟನ್ನೇ ಬರೆದುಕೊಳ್ಳುತ್ತವೆ. ಇದರಿಂದ ಕಾಲವೂ ಸ್ಥಳವೂ ಉಳಿಯುತ್ತವೆ. ಆದರೆ ಸರಪಳಿಯ ನಡುವಿನ ಒಂದು ಕೊಂಡಿ ಕಳಚಿದರೆ ಅದರಿಂದೀಚಿನದೆಲ್ಲ ಕೈಗೆ ಸಿಕ್ಕದೆ ಹೋಗಬಹುದು. ಇವೆಲ್ಲವೂ ಗೃಹಸ್ಥನಿಗೆ ಕೊಡುವ ಆಶ್ವಾಸನೆ ಒಂದೇ: ಒಮ್ಮೆ ಏರ್ಪಡಿಸಿ ಮರೆತುಬಿಡಿ, ಉಳಿದುದು ನಮ್ಮ ಪಾಲಿಗಿರಲಿ. ದೋಷವಿರುವುದು ಈ ಮರೆವಿನ ಆಶ್ವಾಸನೆಯಲ್ಲಿಯೇ.

ಅದು ಹೇಗೆಂಬುದನ್ನು ತಿಳಿಯಲು ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಅವನು ಅಜಾಗರೂಕನಲ್ಲ. ತಂತ್ರಾಂಶಕ್ಕೆ ಹಣ ತೆತ್ತಿದ್ದಾನೆ. ಪ್ರತಿಯನ್ನಿಡಲು ಬೇರೊಂದು ಡಿಸ್ಕನ್ನು ಕೊಂಡಿದ್ದಾನೆ. ಯಾವ ಯಾವ ಫೋಲ್ಡರುಗಳನ್ನು ಕಾಯಬೇಕೆಂದು ಗುರುತುಮಾಡಿದ್ದಾನೆ. ರಾತ್ರಿರಾತ್ರಿಯೂ ತಂತ್ರಾಂಶವು ತನ್ನ ಕೆಲಸವನ್ನು ಮುಗಿಸಿ ಹಸಿರು ಗುರುತನ್ನು ತೋರಿಸುತ್ತದೆ. ಎರಡು ವರ್ಷಗಳ ಮೇಲೆ, ಸ್ಥಳ ಸಾಲದೆಂದು, ಚಿತ್ರಗಳನ್ನೂ ತಾಯಿಯ ಹಾಡುಗಳನ್ನೂ ಕಂಪ್ಯೂಟರಿನೊಳಗೇ ಬೇರೊಂದು ಡ್ರೈವಿಗೆ ಸಾಗಿಸುತ್ತಾನೆ. ತಂತ್ರಾಂಶಕ್ಕೆ ಈ ಸಂಗತಿಯನ್ನು ಹೇಳಿದವರಿಲ್ಲ. ಅದು ಹಳೆಯ ಜಾಗವನ್ನೇ, ಅಂದರೆ ಬರಿದಾದ ಫೋಲ್ಡರನ್ನೇ, ನಿಷ್ಠೆಯಿಂದ ಕಾಯುತ್ತದೆ. ಪ್ರತಿರಾತ್ರಿಯೂ 'ಸಫಲವಾಯಿತು' ಎನ್ನುತ್ತದೆ. ಮೊದಲು ತೆಗೆದಿದ್ದ ಪ್ರತಿಗಳು ಅವಧಿ ಮೀರಿದವೆಂದು ಒಂದೊಂದಾಗಿ ಅಳಿದುಹೋಗುತ್ತವೆ. ಕೊನೆಗೊಂದು ದಿನ ಕಂಪ್ಯೂಟರು ಕೆಡುತ್ತದೆ. ಗೃಹಸ್ಥನು ಧೈರ್ಯದಿಂದಲೇ ಪ್ರತಿಯ ಡಿಸ್ಕನ್ನು ತಂದು ತೆರೆಯುತ್ತಾನೆ. ಲೆಕ್ಕಪತ್ರಗಳಿವೆ, ಹಾಡಿಲ್ಲ.

ತೊಂದರೆ ಬರುವ ದಾರಿ ಇದೊಂದೇ ಅಲ್ಲ. ತೆರೆದಿದ್ದ ಕಡತವನ್ನು ನಕಲುಮಾಡಲಾರದೆ ಬಿಟ್ಟುಬಿಡುವ ತಂತ್ರಾಂಶವುಂಟು. ವರ್ಷದ ಚಂದಾ ಮುಗಿದೊಡನೆ ಸದ್ದಿಲ್ಲದೆ ನಿಂತುಹೋಗುವುದುಂಟು. ತನ್ನ ಹಳೆಯ ಬರಹವನ್ನು ತಾನೇ ಓದಲಾರದ ಹೊಸ ಆವೃತ್ತಿಯುಂಟು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಅದರದೇ ಉಪಕರಣದಿಂದ ತೆಗೆದಿದ್ದ ಪ್ರತಿಗಳನ್ನು, 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ಟಾದ ಉಪಕರಣವು ಓದಲಾರದಾಯಿತು. ಅವುಗಳನ್ನು ತೆರೆಯುವುದಕ್ಕೆಂದೇ ಬೇರೊಂದು ಸಣ್ಣ ತಂತ್ರಾಂಶವನ್ನು ಒದಗಿಸಬೇಕಾಯಿತು. ಇನ್ನು ಕೆಲವರು, ಒಂದೆಡೆಯ ಬದಲಾವಣೆಯನ್ನು ಕೂಡಲೇ ಇನ್ನೊಂದೆಡೆಗೆ ಮುಟ್ಟಿಸುವ ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ಭ್ರಮಿಸುತ್ತಾರೆ. ಅದು ಕನ್ನಡಿಯಂತೆ, ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಹಾಡನ್ನು ಕಳೆದುಕೊಂಡವನ ದುಃಖಕ್ಕೆ ಕಾರಣವು ಯಾವುದಾದರೇನು? ಅವನಿಗೆ ಹೆಚ್ಚಾಗಿ ನೋಯುವುದು ನಷ್ಟಕ್ಕಿಂತಲೂ, ಇಷ್ಟು ಕಾಲ ತಾನು ನಿಶ್ಚಿಂತನಾಗಿದ್ದೆನಲ್ಲಾ ಎಂಬುದು.

ಇಲ್ಲಿ ತಪ್ಪು ಯಾರದು? ಮೊದಲು ತಂತ್ರಾಂಶದ ಕಡೆಯನ್ನು ವಿಚಾರಿಸಬೇಕು. ಅದು ಸುಳ್ಳು ಹೇಳಿತೆ? ಹೇಳಲಿಲ್ಲ, ತನಗೆ ವಿಧಿಸಿದ್ದು ಸಫಲವಾಯಿತೆಂದು ಹೇಳಿತು. ಆದರೆ ಕೇಳಿದವನಿಗೆ ಆದ ಅರ್ಥವು 'ನಿನ್ನ ವಸ್ತುಗಳು ಕ್ಷೇಮವಾಗಿವೆ' ಎಂಬುದು. ಮಾತು ನಿಜವಾಗಿದ್ದು ಅರ್ಥವು ಸುಳ್ಳಾದಾಗ, ಆಡಿದವನು ನಿರ್ದೋಷಿಯೆನಿಸಲಾರನು. ಸಾವಿರ ಚಿತ್ರಗಳಿದ್ದ ಫೋಲ್ಡರು ಒಂದೇ ರಾತ್ರಿಯಲ್ಲಿ ಬರಿದಾದುದನ್ನು ಕಂಡ ಪ್ರಾಮಾಣಿಕ ಸೇವಕನು ಯಜಮಾನನನ್ನು ಎಬ್ಬಿಸಿ ಕೇಳುತ್ತಾನೆ. ಹಿಂದಿನ ಕಾಲದ ಲಿಪಿಕಾರರಲ್ಲಿ ಅನೇಕರು ಓಲೆಗ್ರಂಥದ ಕೊನೆಯಲ್ಲಿ, ಬರಹದಲ್ಲಿ ತಪ್ಪುಗಳಿರಬಹುದು, ತಿಳಿದವರು ತಿದ್ದಿ ಓದಬೇಕು, ಎಂದು ಬಿನ್ನವಿಸಿಕೊಳ್ಳುತ್ತಿದ್ದರು. ಆ ವಿನಯವು ಕೇವಲ ಸಂಪ್ರದಾಯವಲ್ಲ. ಪ್ರತಿಯೆಂಬುದು ಪ್ರತಿಯೇ ಹೊರತು ಮೂಲವಲ್ಲವೆಂಬ ಎಚ್ಚರಿಕೆ. ಹಸಿರು ಗುರುತಿಗೆ ಈ ವಿನಯವಿಲ್ಲ. ಇದಕ್ಕಿಂತಲೂ ಅಪಾಯಕರವಾದುದು ಮೌನ: ಎಲ್ಲವೂ ಸರಿಯಾಗಿರುವ ತಂತ್ರಾಂಶದ ಮೌನವೂ, ಸತ್ತುಬಿದ್ದ ತಂತ್ರಾಂಶದ ಮೌನವೂ ಹೊರಗಿನಿಂದ ಒಂದೇ ತೆರ.

ಮನೆಯ ಮಾತಂತಿರಲಿ, ಇದನ್ನೇ ಉದ್ಯೋಗವಾಗಿ ಉಳ್ಳವರೂ ಈ ಮೌನದಿಂದ ಕೆಟ್ಟಿದ್ದಾರೆ. 2017ರ ಜನವರಿ 31ರಂದು, ಲೋಕದ ಅಸಂಖ್ಯಾತ ತಂತ್ರಜ್ಞರ ಬರಹಗಳನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ದಣಿದಿದ್ದ ಒಬ್ಬ ತಂತ್ರಜ್ಞನು ಬೇರೆ ಯಂತ್ರವೆಂದು ಭ್ರಮಿಸಿ ಮುಖ್ಯ ದತ್ತಾಂಶವನ್ನೇ ಅಳಿಸಿದನು. ರಕ್ಷಣೆಗೆಂದು ಐದು ಬಗೆಯ ಏರ್ಪಾಟುಗಳಿದ್ದವು. ನೋಡಿದರೆ ಒಂದೂ ನೆಚ್ಚುವಂತೆ ಕೆಲಸಮಾಡುತ್ತಿರಲಿಲ್ಲ. ನಿತ್ಯದ ಪ್ರತಿಯು ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸತಕ್ಕ ಮಿಂಚಂಚೆಗಳು ದಾರಿಯಲ್ಲೇ ತಿರಸ್ಕೃತವಾಗಿ ಯಾರಿಗೂ ತಲಪಿರಲಿಲ್ಲ. ಸಂಸ್ಥೆಯು ಈ ವೃತ್ತಾಂತವನ್ನು ಮುಚ್ಚಿಡದೆ ತಾನೇ ಪ್ರಕಟಿಸಿತೆಂಬುದು ಅದರ ದೊಡ್ಡತನ.

ಅಲ್ಲಿ ಕೊನೆಗೆ ಕೈಹಿಡಿದುದು ಯಾವುದು ಎಂಬುದು ವಿಚಾರಾರ್ಹವಾಗಿದೆ. ಸುಮಾರು ಆರು ಗಂಟೆಗಳ ಮೊದಲು ಅದೇ ತಂತ್ರಜ್ಞನು ಬೇರೊಂದು ಪ್ರಯೋಗಕ್ಕೆ ಬೇಕೆಂದು ತೆಗೆದಿದ್ದ ಒಂದು ಪ್ರತಿಯಿತ್ತು. ರಕ್ಷಣೆಗಾಗಿ ಮಾಡಿದ್ದಲ್ಲ, ಬಳಕೆಗಾಗಿ ಮಾಡಿದ್ದು. ಅದರಿಂದಲೇ ಆ ಆರು ಗಂಟೆಗಳ ಕೆಲಸವೊಂದನ್ನುಳಿದು ಮಿಕ್ಕುದೆಲ್ಲ ಮರಳಿ ಬಂದಿತು.

ಇದು ಕಾಕತಾಳೀಯವೆಂದು ತೋರಬಹುದು. ಆದರೆ 1998ರಲ್ಲಿ ಅಮೆರಿಕೆಯ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ನಡೆದುದೂ ಇದೇ. 'ಟಾಯ್ ಸ್ಟೋರಿ 2' ಎಂಬ ಚಿತ್ರ ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗವು ಕಂಪ್ಯೂಟರಿನಿಂದ ಅಳಿಸಿಹೋಗತೊಡಗಿತು. ಬ್ಯಾಕಪ್ಪನ್ನು ತಂದು ನೋಡಿದರೆ ಅದೂ ಕೆಲವು ವಾರಗಳಿಂದ ಕೆಟ್ಟಿತ್ತು. ಆಗ ಗೇಲಿನ್ ಸಸ್‌ಮನ್ ಎಂಬಾಕೆಯ ಮನೆಯಲ್ಲಿ ಒಂದು ಪ್ರತಿಯಿರುವುದು ನೆನಪಿಗೆ ಬಂದಿತು. ಆಕೆ ಬಾಣಂತಿಯಾಗಿ ಮನೆಯಿಂದಲೇ ಕೆಲಸಮಾಡುತ್ತಿದ್ದುದರಿಂದ ಚಿತ್ರವನ್ನು ಮನೆಯ ಕಂಪ್ಯೂಟರಿಗೆ ತರಿಸಿಕೊಂಡಿದ್ದಳು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕೂಸನ್ನು ಸಾಗಿಸುವಂತೆ ಕಾರಿನಲ್ಲಿ ತಂದರು. ಇಲ್ಲಿಯೂ ಉಳಿಸಿದ್ದು ಭಂಡಾರದಲ್ಲಿ ಮುಚ್ಚಿಟ್ಟ ಪ್ರತಿಯಲ್ಲ, ಕೈಯಲ್ಲಾಡುತ್ತಿದ್ದ ಪ್ರತಿ.

ಇವೆರಡರಿಂದ ತಿಳಿಯತಕ್ಕುದೇನು? ಬಳಕೆಯಲ್ಲಿರುವ ವಸ್ತುವು ಕೆಟ್ಟರೆ ಅಂದೇ ತಿಳಿಯುತ್ತದೆ. ನಂಬಿಕೆಯಿಂದ ಮೂಲೆಯಲ್ಲಿಟ್ಟ ವಸ್ತುವು ಕೆಟ್ಟರೆ ಬೇಕಾದ ದಿನವೇ ತಿಳಿಯುತ್ತದೆ. ಆದುದರಿಂದ ಒಮ್ಮೆಯೂ ತೆರೆದು ನೋಡದ ಪ್ರತಿಯು ಪ್ರತಿಯೇ ಅಲ್ಲ. ಪ್ರತಿಯುಂಟೆಂಬ ಒಂದು ಅಭಿಪ್ರಾಯ ಮಾತ್ರ. ಗೃಹಸ್ಥನ ತಪ್ಪು ಇರುವುದು ಇಲ್ಲಿಯೇ. ಅವನು ಕೊಂಡುದು ಕ್ಷೇಮವನ್ನಲ್ಲ, ನಿಶ್ಚಿಂತೆಯನ್ನು. ಎರಡೂ ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನಿಂದ ಮಾರಾಟವಾಗುವುದರಿಂದ ಅವನಿಗೆ ಭೇದ ತಿಳಿಯಲಿಲ್ಲ. ಕ್ಷೇಮವು ವಸ್ತುವಿನ ಸ್ಥಿತಿ. ನಿಶ್ಚಿಂತೆಯು ಮನಸ್ಸಿನ ಸ್ಥಿತಿ. ಮೊದಲನೆಯದಿಲ್ಲದೆ ಎರಡನೆಯದು ಧಾರಾಳವಾಗಿ ಇರಬಲ್ಲದು.

ಕನ್ನಡ ನಾಡಿನ ಇತಿಹಾಸದಲ್ಲಿ ಕಾಪಿಡುವುದರ ಈ ರಹಸ್ಯವನ್ನು ಬಲ್ಲವಳೊಬ್ಬಳು ಹತ್ತನೆಯ ಶತಮಾನದಲ್ಲಿಯೇ ಇದ್ದಳು. ಪೊನ್ನನ ಶಾಂತಿಪುರಾಣವು ಅಳಿಯಬಾರದೆಂದು ದಾನಚಿಂತಾಮಣಿ ಅತ್ತಿಮಬ್ಬೆಯು ಅದರ ಒಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿದಳೆಂಬುದು ಪ್ರಸಿದ್ಧವಾಗಿದೆ. ಆ ಸಾವಿರವನ್ನೂ ಅವಳು ಒಂದೇ ಉಗ್ರಾಣದಲ್ಲಿ ಒಟ್ಟಿ ಬೀಗ ಹಾಕಲಿಲ್ಲ, ದಾನಮಾಡಿದಳು. ಓದುವವರ ಕೈಗೆ ಕೊಟ್ಟಳು. ಶಾಂತಿಪುರಾಣವು ಇಂದಿಗೂ ದೊರೆಯುತ್ತದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಗ್ರಂಥವಾಗಿ ದೊರೆತಿಲ್ಲ. ಅವಳ ಆಶ್ರಯದಲ್ಲಿ ಅಜಿತಪುರಾಣವನ್ನು ಬರೆದ ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ದೊರೆತಿಲ್ಲ. ಉಳಿವಿಗೆ ಕಾರಣಗಳು ಹಲವಿರಬಹುದು. ಆದರೆ ಹಲವು ಕೈಗಳಲ್ಲಿ ಹಂಚಿಹೋದುದು ಒಮ್ಮೆಗೇ ಅಳಿಯುವುದು ಕಷ್ಟವೆಂಬುದು ನಿರ್ವಿವಾದ.

ಇದಕ್ಕೆ ಒಂದು ಆಕ್ಷೇಪವುಂಟು. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಮೂಡಬಿದಿರೆಯ ಬಸದಿಯಲ್ಲಿ, ದರ್ಶನಕ್ಕೆ ಮಾತ್ರ ದೊರೆಯುತ್ತ, ಶತಮಾನಗಳ ಕಾಲ ಉಳಿದುವಲ್ಲವೆ? ಬಳಕೆಯಿಲ್ಲದೆಯೂ ಭಕ್ತಿಯಿಂದ ರಕ್ಷಣೆಯಾಗಲಿಲ್ಲವೆ? ಆಯಿತು, ಆ ಭಕ್ತಿಗೆ ನಾಡು ಋಣಿಯಾಗಿದೆ. ಆದರೆ ಅವು ನಕಲಾಗಿ ಹೊರಬಂದು 1939ರಿಂದ ಅಚ್ಚಾಗತೊಡಗುವವರೆಗೆ ವಿದ್ವಲ್ಲೋಕಕ್ಕೆ ಅವು ಇದ್ದೂ ಇಲ್ಲದಂತಿದ್ದವು. ಅಲ್ಲದೆ ಭಕ್ತಿಯೂ ಒಂದು ಬಗೆಯ ಎಚ್ಚರವೇ. ಜೈನರು ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಪೂಜಿಸುತ್ತಾರೆ. ನವರಾತ್ರಿಯಲ್ಲಿ ಮನೆಮನೆಗಳಲ್ಲಿ ಸರಸ್ವತಿಯ ಮುಂದೆ ಪುಸ್ತಕಗಳನ್ನು ಇಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಕಟ್ಟನ್ನು ಬಿಚ್ಚಿದರೆ ಹುಳು ಹಿಡಿದುದು ಕಣ್ಣಿಗೆ ಬೀಳುತ್ತದೆ. ಮರೆತುಬಿಡಿ ಎಂದು ಹೇಳುವ ರಕ್ಷಣೆಗೂ, ನೆನಪಿಟ್ಟುಕೊಳ್ಳಲು ಒಂದು ದಿನವನ್ನೇ ಗೊತ್ತುಮಾಡುವ ರಕ್ಷಣೆಗೂ ಇರುವ ಅಂತರ ಇದು.

ಎಲ್ಲರೂ ತಂತ್ರಜ್ಞರಾಗಬೇಕೆ, ವೈದ್ಯನನ್ನು ನಂಬುವಂತೆ ಯಂತ್ರವನ್ನೂ ನಂಬಬಾರದೆ, ಎಂದು ಕೆಲವರು ಕೇಳಬಹುದು. ನಂಬಬಹುದು, ಆದರೆ ವೈದ್ಯನನ್ನು ನಂಬುವವನೂ ಮದ್ದಿನಿಂದ ಜ್ವರ ಇಳಿಯಿತೆ ಎಂದು ಹಣೆಯನ್ನು ಮುಟ್ಟಿನೋಡುತ್ತಾನೆ. ಅಷ್ಟು ಪರೀಕ್ಷೆಗೆ ಪಾಂಡಿತ್ಯ ಬೇಡ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕನು ಪ್ರಚಾರಕ್ಕೆ ತಂದ ನಿಯಮವೊಂದಿದೆ: ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಮನೆಯಿಂದಾಚೆಗಿರಲಿ. ನಿಯಮ ಒಳ್ಳೆಯದು. ಆದರೆ ಅದು ಎಣಿಕೆಯನ್ನು ಹೇಳುತ್ತದೆ. ತೆರೆದು ನೋಡುವ ಕರ್ತವ್ಯವನ್ನು ಗೃಹಸ್ಥನೇ ಸೇರಿಸಿಕೊಳ್ಳಬೇಕು. ಹೇಳತಕ್ಕವರಿಗೆ ಸತ್ಯವನ್ನು ಪೂರ್ತಿಯಾಗಿ ಹೇಳುವ ಧರ್ಮ. ಕೇಳತಕ್ಕವರಿಗೆ ಕೇಳಿದುದನ್ನು ಪರೀಕ್ಷಿಸುವ ಧರ್ಮ. ಇವೆರಡರಲ್ಲಿ ಒಂದು ತಪ್ಪಿದರೆ ಮತ್ತೊಂದು ಒಂಟಿಯಾಗಿ ನಿಲ್ಲಲಾರದು.

ಹಾಡನ್ನು ಕಳೆದುಕೊಂಡ ಆ ಗೃಹಸ್ಥನು ವರ್ಷಕ್ಕೊಮ್ಮೆ, ತಾಯಿಯ ಶ್ರಾದ್ಧದ ದಿನವಾದರೂ, ಪ್ರತಿಯ ಡಿಸ್ಕನ್ನೇ ತೆರೆದು ಮನೆಯವರಿಗೆಲ್ಲ ಆ ಹಾಡನ್ನು ಕೇಳಿಸಿದ್ದರೆ, ಬರಿದಾದ ಫೋಲ್ಡರು ಮೊದಲ ವರ್ಷವೇ ಕಾಣುತ್ತಿತ್ತು. ಆಗಿನ್ನೂ ಮೂಲವು ಕಂಪ್ಯೂಟರಿನಲ್ಲಿ ಉಳಿದಿತ್ತು. ತಂಗಿಯ ಮನೆಗೆ ಒಂದು ಪ್ರತಿಯನ್ನು ಕೊಟ್ಟಿದ್ದರೆ ಕಂಪ್ಯೂಟರು ಕೆಟ್ಟ ದಿನವೂ ಹಾಡು ಉಳಿದಿರುತ್ತಿತ್ತು. ಎರಡಕ್ಕೂ ತಂತ್ರಾಂಶ ಬೇಕಿರಲಿಲ್ಲ. ಆ ಹಾಡನ್ನು ಕೇಳಬೇಕೆಂಬ, ಕೇಳಿಸಬೇಕೆಂಬ ಅಪೇಕ್ಷೆಯೊಂದಿದ್ದರೆ ಸಾಕಾಗಿತ್ತು. ನಕಲುಮಾಡುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಬಹುದು. ಅದು ಮನುಷ್ಯನಿಗಿಂತ ಚೆನ್ನಾಗಿಯೇ ಮಾಡೀತು. ಯಾವುದು ಉಳಿಯಬೇಕೆಂಬ ಅಕ್ಕರೆಯನ್ನೂ, ಉಳಿದಿದೆಯೇ ಎಂಬ ವಿಚಾರಣೆಯನ್ನೂ ಅದಕ್ಕೆ ಒಪ್ಪಿಸಲು ಬಾರದು. ಅವು ಮನೆಯವರ ಪಾಲಿಗೆ ಉಳಿದ ಕೆಲಸ.