ಕಾಲಕ್ಕೆ ದಿಕ್ಕುಂಟೆ?



ನಾವು ಯಾವ ಕರ್ಮವನ್ನಾರಂಭಿಸಿದರೂ ಮೊದಲು ಸಂಕಲ್ಪ ಮಾಡುತ್ತೇವೆ. ಬ್ರಹ್ಮದೇವರ ದ್ವಿತೀಯ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ, ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ ಎಂದು ವಿಶಾಲವಾದ ಕಾಲದಿಂದ ಇಳಿಯುತ್ತ ಇಳಿಯುತ್ತ ಈ ದಿನಕ್ಕೆ ಬಂದು ನಿಲ್ಲುತ್ತೇವೆ. ಯುಗಗಳು ಚಕ್ರದಂತೆ ತಿರುಗುವುವೆಂದು ಹೇಳುವವರೂ ನಾವೇ, ಆ ಚಕ್ರದ ಸುತ್ತುಗಳನ್ನು ಎಣಿಸುವವರೂ ನಾವೇ. ಇದು ಇಪ್ಪತ್ತೆಂಟನೆಯದು ಎನ್ನಬೇಕಾದರೆ ಇಪ್ಪತ್ತೇಳು ಕಳೆದುಹೋಗಿರಬೇಕು, ಕಳೆದವು ಮರಳಿ ಬಾರದಿರಬೇಕು. ಗಾಣದ ಎತ್ತು ಸುತ್ತಿ ಅದೇ ಜಾಗಕ್ಕೆ ಬರುತ್ತದೆ; ಅಷ್ಟರಲ್ಲಿ ಎಣ್ಣೆ ಇಳಿದಿರುತ್ತದೆ.

ವರ್ಷಗಳ ಎಣಿಕೆ ಮನುಷ್ಯಕೃತ. ನಮ್ಮ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ ತನ್ನ ಹೆಸರಿನ ಹೊಸ ಶಕೆಯನ್ನೇ ನಡೆಸಿದನು. ಆ ಶಕೆ ಈಗ ಶಾಸನಗಳಲ್ಲಿ ಮಾತ್ರ ಉಳಿದಿದೆ. ಅರಸನು ಎಣಿಕೆಯನ್ನು ಬದಲಿಸಬಲ್ಲವನಾದನು. ಆದರೆ 'ಹಿಂದು', 'ಮುಂದು' ಎಂಬ ಭೇದವು ನಿಜವಾಗಿ ಕಾಲದಲ್ಲಿಯೇ ಇದೆಯೆ, ಅಥವಾ ಅದೂ ನಮ್ಮ ಬುದ್ಧಿಯ ಆರೋಪವೆ? ಈ ಪ್ರಶ್ನೆಯನ್ನು ಇಂದು ಪಟ್ಟು ಹಿಡಿದು ಕೇಳುತ್ತಿರುವವರು ಕ್ವಾಂಟಮ್ ಭೌತಶಾಸ್ತ್ರದ ತತ್ತ್ವವನ್ನು ವಿಚಾರಿಸುವ ವಿದ್ವಾಂಸರು. ಪಾಠಶಾಲೆಯಲ್ಲಿ ಓದಿ ಬಿ.ಎ. ಮಾಡಿದ ನನಗೆ ಅವರ ಗಣಿತದಲ್ಲಿ ಪ್ರವೇಶವಿಲ್ಲ. ಆದರೆ ವಾದದ ಸಾರ ಮಾತಿಗೆ ನಿಲುಕುವಂಥದು. ಅದು ಪಾಪ ಪ್ರಾಯಶ್ಚಿತ್ತಗಳ ವಿಚಾರವನ್ನೂ ಮುಟ್ಟುವುದರಿಂದ ನಾವು ಸುಮ್ಮನಿರಲಾಗದು.

ಮೊದಲ ಆಶ್ಚರ್ಯವೆಂದರೆ, ಭೌತಶಾಸ್ತ್ರದ ಮೂಲನಿಯಮಗಳಿಗೆ ಹಿಂದು ಮುಂದುಗಳ ಪರಿಜ್ಞಾನವೇ ಇಲ್ಲ. ನ್ಯೂಟನ್ನನ ನಿಯಮದಂತೆ ಒಂದು ಗ್ರಹವು ಬಲಕ್ಕೆ ಸುತ್ತಬಲ್ಲುದಾದರೆ ಎಡಕ್ಕೂ ಸುತ್ತಬಲ್ಲುದು. ೧೯೨೬ರಲ್ಲಿ ಶ್ರೋಡಿಂಜರ್ ಬರೆದ ಕ್ವಾಂಟಮ್ ಸಮೀಕರಣವೂ ಹೀಗೆಯೇ. ೧೯೬೪ರಲ್ಲಿ ಕೇಯಾನ್ ಎಂಬ ಸೂಕ್ಷ್ಮಕಣಗಳ ಕ್ಷಯದಲ್ಲಿ ಒಂದು ಅಲ್ಪ ಅಪವಾದದ ಸುಳಿವು ಸಿಕ್ಕಿತು, ೧೯೯೮ರಲ್ಲಿ ಅದು ನೇರವಾಗಿಯೂ ಅಳೆಯಲ್ಪಟ್ಟಿತು. ಆದರೆ ದೇವರ ಮುಂದಿನ ನಂದಾದೀಪದ ಎಣ್ಣೆ ಉರಿದು ಹೋಗುವುದಕ್ಕೂ, ಉರಿದದ್ದು ಮರಳಿ ಬತ್ತಿಯಲ್ಲಿ ಸೇರದಿರುವುದಕ್ಕೂ ಆ ಅಪವಾದ ಕಾರಣವಲ್ಲ.

ಹಾಗಾದರೆ ಕಾರಣವೇನು? ವಿಯೆನ್ನಾದ ಬೋಲ್ಟ್ಸ್‌ಮನ್ ೧೮೭೦ರ ದಶಕದಲ್ಲಿ ಕೊಟ್ಟ ಉತ್ತರವಿದು. ಹರಿವಾಣದ ಒಂದು ಬದಿಗೆ ಅರಿಶಿನ, ಇನ್ನೊಂದು ಬದಿಗೆ ಕುಂಕುಮವನ್ನಿಟ್ಟು ಅಲುಗಾಡಿಸಿದರೆ ಎರಡೂ ಬೆರೆಯುತ್ತವೆ. ಎಷ್ಟು ಅಲುಗಾಡಿಸಿದರೂ ಮತ್ತೆ ಬೇರೆಯಾಗುವುದಿಲ್ಲ. ಬೇರೆಯಾಗಬಾರದೆಂಬ ನಿಯಮವಿಲ್ಲ. ಬೆರೆತಿರುವ ಬಗೆಗಳು ಅಸಂಖ್ಯ, ಬೇರೆಯಾಗಿರುವ ಬಗೆಗಳು ಅತ್ಯಲ್ಪ, ಅಷ್ಟೆ. ಈ ಬೆರಕೆಯ ಪ್ರಮಾಣಕ್ಕೆ ಎಂಟ್ರೊಪಿಯೆಂದು ಹೆಸರು. ಆದರೆ ಲೋಶ್ಮಿಟ್ ೧೮೭೬ರಲ್ಲಿಯೇ ಆಕ್ಷೇಪಿಸಿದರು: ಕಣಗಳ ನಡೆ ಹಿಂದುಮುಂದಾಗಿ ಒಂದೇ ಆದರೆ, ಇದೇ ತರ್ಕದಿಂದ ನಿನ್ನೆಯೂ ಬೆರಕೆ ಹೆಚ್ಚಾಗಿತ್ತೆನ್ನಬೇಕಲ್ಲ? ಸಮಾಧಾನ ಒಂದೇ: ಮೊದಲು ಯಾರೋ ಅರಿಶಿನ ಕುಂಕುಮಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದರು. ಎಂದರೆ ಜಗತ್ತಿನ ಆದಿಸ್ಥಿತಿ ಅತ್ಯಂತ ವ್ಯವಸ್ಥಿತವಾಗಿತ್ತು. ಏಕೆ ಹಾಗಿತ್ತು ಎಂಬುದಕ್ಕೆ ಸರ್ವಸಮ್ಮತವಾದ ಉತ್ತರ ಭೌತಶಾಸ್ತ್ರದಲ್ಲಿ ಇಂದಿಗೂ ಇಲ್ಲ.

ಇದಕ್ಕೆ ನಮ್ಮವರದೇ ಒಂದು ನಿದರ್ಶನವುಂಟು. ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಸರ್ ಸಿ.ವಿ. ರಾಮನ್ನರು ಅದಕ್ಕೂ ಮೊದಲು, ೧೯೨೮ರ ಫೆಬ್ರವರಿ ೨೮ರಂದು, ಕಲಕತ್ತೆಯಲ್ಲಿ ಕಂಡ ಪರಿಣಾಮವನ್ನು ಎಲ್ಲರೂ ಬಲ್ಲರು. ಅಣುವಿಗೆ ತಾಕಿದ ಬೆಳಕು ಕೆಲವೊಮ್ಮೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿಗೆ ಕೊಟ್ಟು ಕೆಂಪಿನತ್ತ ಸರಿಯುತ್ತದೆ. ಕೆಲವೊಮ್ಮೆ ಕಂಪಿಸುತ್ತಿರುವ ಅಣುವಿನಿಂದ ಶಕ್ತಿಯನ್ನು ಪಡೆದು ನೀಲಿಯತ್ತ ಸರಿಯುತ್ತದೆ. ಇವೆರಡೂ ಒಂದಕ್ಕೊಂದು ಕಾಲವಿಪರ್ಯಯಗಳು, ಕೊಟ್ಟದ್ದನ್ನು ಹಿಂದಕ್ಕೆ ಪಡೆದಂತೆ. ನಿಯಮಕ್ಕೆ ಎರಡರಲ್ಲಿಯೂ ಪಕ್ಷಪಾತವಿಲ್ಲ. ಆದರೂ ಮೊದಲನೆಯ ರೇಖೆ ಉಜ್ಜ್ವಲ, ಎರಡನೆಯದು ಮಂಕು. ಏಕೆಂದರೆ ಸಾಧಾರಣ ಉಷ್ಣತೆಯಲ್ಲಿ ಬಹುಪಾಲು ಅಣುಗಳು ಕೆಳಗಿನ ಸ್ಥಿತಿಯಲ್ಲಿರುತ್ತವೆ, ಕೊಡಬಲ್ಲವು ವಿರಳ. ಹೀಗೆ ನಿಯಮವು ಸಮವಾಗಿದ್ದರೂ ಪರಿಸ್ಥಿತಿಯಿಂದ ಫಲವು ವಿಷಮವಾಗುತ್ತದೆ.

ಕ್ವಾಂಟಮ್ ಶಾಸ್ತ್ರದಲ್ಲಿ ಇನ್ನೊಂದು ಗಂಟಿದೆ. ಯಾರೂ ಅಳೆಯದೆ ಬಿಟ್ಟಾಗ ಕಣದ ಸ್ಥಿತಿಯು ಹಿಂದುಮುಂದಾಗಿ ಸಮನಾಗಿ ಸಾಗುತ್ತದೆ. ಅಳೆದೊಡನೆ ಅನೇಕ ಸಾಧ್ಯತೆಗಳಲ್ಲಿ ಒಂದೇ ಫಲವಾಗಿ ನಿಲ್ಲುತ್ತದೆ. ಈ ಎರಡು ಬಗೆಯ ನಡೆಗಳನ್ನು ೧೯೩೨ರಲ್ಲಿ ವಾನ್ ನಾಯ್ಮನ್ ಬೇರ್ಪಡಿಸಿ ಹೇಳಿದರು. ರಾಮನ್ನರ ಸಂಸ್ಥೆಯಲ್ಲಿಯೇ ಒಂದೊಂದೇ ಬೆಳಕಿನ ಕಣವನ್ನು ಹಿಡಿದು, ಬೇರೆ ಬೇರೆ ಕ್ಷಣಗಳ ಮಾಪನಗಳ ಸಂಬಂಧವನ್ನು ಪರೀಕ್ಷಿಸಿ, ೨೦೨೨ರಲ್ಲಿ ಪ್ರಕಟಿಸಿದರು. ಅಳೆಯುವ ಮೊದಲೇ ಕಣವು ಒಂದು ನಿಶ್ಚಿತ ಸ್ಥಿತಿಯಲ್ಲಿದ್ದು ಅಳತೆಯಿಂದ ಕದಲದೆ ಇರುತ್ತದೆಂಬ ಸಾಮಾನ್ಯ ನಂಬಿಕೆ ಅಲ್ಲಿ ನಿಲ್ಲಲಿಲ್ಲ.

ಅಳತೆಯಾದ ಮೇಲೆ ಹಿಂದಿರುಗುವಂತಿಲ್ಲವಾದರೆ ಕಾಲದ ದಿಕ್ಕು ಸಿಕ್ಕಿತೆಂದು ಕೆಲವರು ಸಂತೋಷಿಸಿದರು. ಆದರೆ ೧೯೬೪ರಲ್ಲಿ ಅಹರೊನೊವ್, ಬರ್ಗ್‌ಮನ್, ಲೆಬೊವಿಟ್ಸ್ ಎಂಬ ಮೂವರು, ಮೊದಲ ಅಳತೆಯ ಫಲ, ಕೊನೆಯ ಅಳತೆಯ ಫಲ ಎರಡೂ ತಿಳಿದಿದ್ದರೆ ನಡುವಣ ಅಳತೆಯ ಸೂತ್ರವು ಹಿಂದುಮುಂದಾಗಿ ಒಂದೇ ಎಂದು ತೋರಿಸಿದರು. ೧೯೭೦ರಲ್ಲಿ ಜರ್ಮನಿಯ ತ್ಸೇ ಎಂಬವರು ಹೇಳಿದ ಮಾತು ನನಗೆ ಹೆಚ್ಚು ಹಿಡಿಸಿತು. ಕಣವು ಸುತ್ತಲಿನ ಗಾಳಿ, ಬೆಳಕು, ಯಂತ್ರಗಳ ಕೋಟ್ಯಂತರ ಕಣಗಳೊಡನೆ ತೊಡಕಿಕೊಂಡು ಎಲ್ಲೆಡೆ ತನ್ನ ಗುರುತನ್ನು ಬಿಡುತ್ತದೆ. ಆ ಗುರುತುಗಳನ್ನೆಲ್ಲ ಮರಳಿ ಕೂಡಿಸಿ ಅಳಿಸುವುದು ಶಕ್ಯವಲ್ಲ. ಇಲ್ಲಿಯೂ ಆದಿಯಲ್ಲಿ ತೊಡಕಿರಲಿಲ್ಲವೆಂದು ಒಪ್ಪಲೇಬೇಕು. ಆದರೂ ದಿಕ್ಕು ಎಲ್ಲಿ ಕಾಣಿಸಿಕೊಳ್ಳುತ್ತದೆಂಬುದು ತಿಳಿಯಿತು: ಗುರುತು ಉಳಿಯುವಲ್ಲಿ.

ಗುರುತೆಂದರೇನೆಂಬುದನ್ನು ನೋಡಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು, ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಒಂಬತ್ತು ಶತಮಾನಗಳಿಂದ ಬರೆಯುತ್ತಲೇ ಇದ್ದಾಳೆ. ಬರೆದ ದಿನ ಕಳೆದುಹೋಯಿತು, ಬರಹ ಉಳಿಯಿತು. ಹೀಗೆ ನಾಳೆ ಕೆತ್ತುವ ಶಾಸನದ ಅಕ್ಷರವನ್ನು ಇಂದು ಓದಿದವರು ಯಾರಾದರೂ ಉಂಟೆ? ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ವ್ಯವಹಾರಾಧ್ಯಾಯದಲ್ಲಿ ವಿಚಾರಿಸುವ ಮಾನುಷ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಪತ್ರ, ಅನುಭೋಗ, ಕಂಡವರ ಮಾತು, ಈ ಮೂರೂ ಭೂತಕಾಲಕ್ಕೇ ಪ್ರಮಾಣ. ಭವಿಷ್ಯದ ಪತ್ರವನ್ನು ಯಾವ ನ್ಯಾಯಸಭೆಯೂ ಕೇಳಿಲ್ಲ.

ಸಾಕ್ಷಿಯೆಂಬ ಶಬ್ದ ಬಂದೊಡನೆ ನಮ್ಮ ಸಿದ್ಧಾಂತವು ನೆನಪಿಗೆ ಬರುವುದು ಸಹಜ. ಕಾಲವು ಸಾಕ್ಷಿವೇದ್ಯವೆಂದು ನಮ್ಮವರ ನಿರ್ಣಯ. ಗಾಢನಿದ್ರೆಯಿಂದೆದ್ದವನು 'ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ' ಎನ್ನುತ್ತಾನೆ. ಇಂದ್ರಿಯಗಳೆಲ್ಲ ಅಡಗಿದ್ದಾಗಲೂ ಆ 'ಇಷ್ಟು ಹೊತ್ತು' ಎಂಬುದನ್ನು ಕಂಡವನಾರು? ಸ್ಮೃತಿಯನ್ನು ಪ್ರಮಾಣವೆಂದು ಇತರರು ಒಪ್ಪದಿದ್ದಾಗ, ಕಳೆದದ್ದನ್ನು ಕಳೆದದ್ದೆಂದೇ ಮನಸ್ಸು ಗ್ರಹಿಸುತ್ತದೆಂದು ಹೇಳಿ ಅದರ ಪ್ರಾಮಾಣ್ಯವನ್ನು ಸ್ಥಾಪಿಸಿದವರು ನಮ್ಮ ಟೀಕಾಚಾರ್ಯರು. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಕಾಲವನ್ನು ನಿತ್ಯಾನಿತ್ಯವರ್ಗದಲ್ಲಿ ಸೇರಿಸಿದ್ದಾರೆ: ಪ್ರವಾಹವು ನಿತ್ಯ, ಕ್ಷಣಗಳು ಅನಿತ್ಯ. ಇದನ್ನು ಓದಿ, ಕ್ವಾಂಟಮ್ ಶಾಸ್ತ್ರವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ವೇದಿಕೆಯ ಮೇಲೆ ಸಾರುವ ಚಾಪಲ್ಯ ನಮಗೆ ಬೇಡ. ಆಚಾರ್ಯರ ಗ್ರಂಥಕ್ಕೆ ಅಂಥ ಊರುಗೋಲಿನ ಅಗತ್ಯವಿಲ್ಲ. ನಾನು ಹೇಳುವುದು ಇಷ್ಟೇ: ಸಮೀಕರಣದಲ್ಲಿ ದಿಕ್ಕು ಕಾಣದೆಂದ ಮಾತ್ರಕ್ಕೆ ಅದು ಮಿಥ್ಯೆಯೆನ್ನುವುದು ಸರಿಯಲ್ಲ. ತಕ್ಕಡಿಯಲ್ಲಿ ಬಣ್ಣ ತೂಗದು; ಅದರಿಂದ ಬಣ್ಣವಿಲ್ಲವೆಂದಾಗದು.

ಈಚೆಗೆ ಇನ್ನೊಂದು ಮಾತು ಹಬ್ಬಿದೆ: ಈಗಿನ ಆಯ್ಕೆಯಿಂದ ಹಿಂದಿನದನ್ನು ಬದಲಿಸಬಹುದೆಂದು ಕ್ವಾಂಟಮ್ ಪ್ರಯೋಗಗಳು ತೋರಿಸಿವೆಯಂತೆ. ೧೯೮೨ರಲ್ಲಿ ಸೂಚಿತವಾಗಿ ೨೦೦೦ದಲ್ಲಿ ಪ್ರಸಿದ್ಧವಾದ 'ಅಳಿಸುವ ಪ್ರಯೋಗ'ವೇ ಇದಕ್ಕೆ ಆಧಾರ. ಅವಳಿ ಬೆಳಕಿನ ಕಣಗಳಲ್ಲಿ ಒಂದು ಮೊದಲೇ ತನ್ನ ಗ್ರಾಹಕಯಂತ್ರವನ್ನು ಮುಟ್ಟಿ ಚುಕ್ಕೆಯಾಗಿ ದಾಖಲಾಗುತ್ತದೆ. ಅದು ಯಾವ ದಾರಿಯಿಂದ ಬಂದಿತೆಂಬ ಗುರುತು ಇನ್ನೊಂದು ಕಣದಲ್ಲಿದ್ದು, ಆ ಗುರುತು ಆಮೇಲೆ ಉಳಿಯಬಹುದು ಅಥವಾ ಅಳಿಯಬಹುದು. ಅಳಿದ ಜೋಡಿಗಳ ಚುಕ್ಕೆಗಳನ್ನು ಆರಿಸಿ ನೋಡಿದರೆ ಪಟ್ಟೆಗಳು ಕಾಣುತ್ತವೆ. ಆದರೆ ಒಟ್ಟು ಚಿತ್ರದಲ್ಲಿ ಪಟ್ಟೆ ಎಂದೂ ಇಲ್ಲ, ಬಿದ್ದ ಚುಕ್ಕೆ ಒಂದೂ ಕದಲಿಲ್ಲ. ಕಳೆದ ವರ್ಷದ ಕಾಣಿಕೆಯ ರಸೀದಿಗಳನ್ನು ಈ ವರ್ಷ ಊರುವಾರು ವಿಂಗಡಿಸಿದರೆ ಹೊಸ ವಿವರ ತಿಳಿಯುತ್ತದೆ. ಹುಂಡಿಯ ಹಣ ಬದಲಾಗುವುದಿಲ್ಲ. ಭವಿಷ್ಯವೂ ಭೂತಕ್ಕೆ ಕಾರಣವಾಗಬಹುದೆಂದು ವಾದಿಸುವ ಹ್ಯೂ ಪ್ರೈಸ್‌ರಂಥ ಗಂಭೀರ ತತ್ತ್ವಜ್ಞರಿದ್ದಾರೆ. ಅವರೂ ಆಗಿಹೋದದ್ದು ಬದಲಾಗುತ್ತದೆ ಎನ್ನುವುದಿಲ್ಲ.

ಹಾಗಿದ್ದರೆ ಪ್ರಾಯಶ್ಚಿತ್ತವು ಏನನ್ನು ಅಳಿಸುತ್ತದೆ? ಮಿತಾಕ್ಷರೆಯಲ್ಲಿ ಇದಕ್ಕೆ ಸೂಕ್ಷ್ಮವಾದ ವಿಚಾರವಿದೆ. ಪಾಪಕ್ಕೆ ಎರಡು ಶಕ್ತಿಗಳು: ನರಕವನ್ನುಂಟುಮಾಡುವುದು ಒಂದು, ಇತರರೊಡನೆ ವ್ಯವಹಾರವನ್ನು ತಡೆಯುವುದು ಇನ್ನೊಂದು. ತಿಳಿಯದೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತದಿಂದ ಪಾಪವೇ ತೊಲಗುತ್ತದೆ. ತಿಳಿದು ಮಾಡಿದ್ದಕ್ಕೆ ವ್ಯವಹಾರದ ಅಡ್ಡಿಯಷ್ಟೇ ನೀಗುತ್ತದೆ. ಎರಡು ಶಕ್ತಿಗಳೂ ಮುಂದಕ್ಕೆ ಚಾಚಿದವು ಎಂಬುದನ್ನು ಗಮನಿಸಬೇಕು. ಮಾಡಿದ ಕೃತ್ಯವು ನಡೆಯಲೇ ಇಲ್ಲವೆಂದಾಗುತ್ತದೆಂದು ಗ್ರಂಥವು ಎಲ್ಲಿಯೂ ಹೇಳುವುದಿಲ್ಲ.

ಒಮ್ಮೆ ಹುಮನಾಬಾದದಲ್ಲಿ ಪ್ರವಚನ ಮುಗಿದ ಮೇಲೆ ವೃದ್ಧ ಗೃಹಸ್ಥರೊಬ್ಬರು ನಮ್ಮ ತೀರ್ಥರೂಪರನ್ನು ಕಂಡು, ಬಹಳ ವರ್ಷಗಳ ಹಿಂದೆ ತಮ್ಮನ ಪಾಲಿನ ಹೊಲವನ್ನು ಕೊಡದೆ ಇಟ್ಟುಕೊಂಡೆನೆಂದೂ, ತಮ್ಮನು ತೀರಿಹೋದನೆಂದೂ, ಈಗ ಮನಸ್ಸಿಗೆ ನೆಮ್ಮದಿಯಿಲ್ಲವೆಂದೂ ಹೇಳಿ, ಎಷ್ಟು ಕೃಚ್ಛ್ರಗಳನ್ನು ಮಾಡಿದರೆ ಇದು ಕಳೆಯುವುದೆಂದು ಕೇಳಿದರು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನಿಗೆ ಮಕ್ಕಳಿದ್ದಾರೆಯೆ ಎಂದು ವಿಚಾರಿಸಿದರು. ಇಬ್ಬರಿದ್ದಾರೆ, ಬಸವಕಲ್ಯಾಣದಲ್ಲಿ ಬಾಡಿಗೆಯ ಮನೆಯಲ್ಲಿದ್ದಾರೆ ಎಂದು ಅವರು ತಿಳಿಸಿದರು. ಸತ್ತವನ ಭಾಗವು ಅವನ ಮಕ್ಕಳಿಗೆ ಸಲ್ಲುತ್ತದೆಂಬುದು ಆ ಮಿತಾಕ್ಷರೆಯದೇ ನಿರ್ಣಯ. ತಂದೆಯವರು ಗ್ರಂಥದ ಹೆಸರನ್ನೆತ್ತಲಿಲ್ಲ. “ಮೊದಲು ಅವರ ಮನೆಗೆ ಹೋಗಿ ಬರ್ರಿ, ಕೃಚ್ಛ್ರಕ್ಕ ದಿನ ಆಮೇಲೆ ನೋಡೋಣ” ಎಂದಷ್ಟೇ ಹೇಳಿ ಪಂಚಾಂಗವನ್ನು ಮುಚ್ಚಿಟ್ಟರು.

॥ ಶ್ರೀಕೃಷ್ಣಾರ್ಪಣಮಸ್ತು ॥