ದರ್ಶನ ಸಾಲದು

ಚಿಕ್ಕೋಡಿ, ಅಥಣಿ, ರಾಯಬಾಗದಿಂದ ರಾಜಧಾನಿ ನೋಡಲು ಹೋದವರು ವಿಧಾನಸೌಧದ ದರ್ಶನ ಪಡೆದವರಂತೆ ಮರಳುತ್ತಾರೆ. ಕೈದಿಗಳೂ ದುಡಿದು ಎಬ್ಬಿಸಿದ, 1956ರಲ್ಲಿ ಮುಗಿದ ಆ ಕಟ್ಟಡದ ಹಣೆ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ಕೆಲಸ ದೇವರದಾದರೆ ನೋಡುವವ ಭಕ್ತನೇ ತಾನೆ? 2012ರಲ್ಲಿ ಬೆಳಗಾವಿಗೇ ಸುವರ್ಣ ವಿಧಾನಸೌಧ ಬಂತು, ಅಧಿವೇಶನ ಹತ್ತಿರಾತು. ಗ್ಯಾಲರಿಯ ಕಟ್ಟಳೆ ಮಾತ್ರ ಅದೇ: ಸುಮ್ಮ ಕುಂದ್ರು, ನೋಡು. ಗುಡಿ ಹೊರಗೆ ನಿಂತವರಿಗೆ ಇದು ಹೊಸದಲ್ಲ.

ಸದನ ನಡೆಯಲು ಆ ಮೌನ ಬೇಕು, ಒಪ್ಪೋಣ. ಅದನ್ನೇ ಊರಿಗೆ ಹೊತ್ತು ತರೋದ್ಯಾಕ? ರಾಜಕೀಯದಲ್ಲಿ ಭಕ್ತಿ ಅಧಃಪತನದ ದಾರಿ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನಿಪ್ಪಾಣಿಯ ತಾಯಿ ಸಾವಿರ ಬೀಡಿಯ ಲೆಕ್ಕ ಕೊಟ್ಟೇ ಕೂಲಿ ಪಡೆಯುತ್ತಾಳೆ. ಗೆಳೆಯರೇ, ಸದನದಲ್ಲಿ ಕುಂತವರ ಲೆಕ್ಕ ಕೇಳೋರು ಯಾರು? ನೋಡಿ ಬಂದವರೇ ಕೇಳಬೇಕು.