ಎಡಮಗ್ಗುಲು

ಕಾಣದೆ ಹೋದದ್ದಕ್ಕೆ ಮನುಷ್ಯನನ್ನು ಹೊಣೆ ಮಾಡಬಹುದೆ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಗ್ರಂಥದಲ್ಲೂ ಅಲ್ಲ, ಕೊಟ್ಟೂರಿನ ಒಂದು ಪಡಸಾಲೆಯಲ್ಲಿ.

ನನ್ನ ಸೋದರಮಾವನಿಗೆ ಪಾರ್ಶ್ವವಾಯು ಬಡಿದಿತ್ತು. ತಾಯಿಯ ಪಾಲಿನ ಹೊಲದ ವಿಷಯವಾಗಿ ನಮ್ಮಲ್ಲಿ ಬಹಳ ದಿನಗಳಿಂದ ಮಾತಿರಲಿಲ್ಲ. ಆದರೂ ಹರಪನಹಳ್ಳಿಯಿಂದ ಬಸ್ಸು ಹಿಡಿದು ಹೋದೆ. ಮಂಚದ ಎಡಗಡೆ ನಿಂತು, "ಮಾವಾ, ಹೆಂಗದೀರಿ?" ಎಂದೆ. ಅವರು ಬಲಗಡೆಯ ಗೋಡೆಯನ್ನೇ ನೋಡುತ್ತಿದ್ದರು. ಈ ಸ್ಥಿತಿಯಲ್ಲೂ ಹಟ ಬಿಡಲಿಲ್ಲವಲ್ಲ ಎಂದು ಕುದಿಯುತ್ತ ಹಿಂತಿರುಗಿದೆ.

ಹಟವಿದ್ದದ್ದು ನನ್ನಲ್ಲಿ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗುತ್ತದೆ. ಕಣ್ಣು ನೆಟ್ಟಗಿದ್ದರೂ ಹಾಗಾಗಬಹುದು. ತಟ್ಟೆಯ ಬಲಭಾಗದ ರೊಟ್ಟಿ ತಿಂದು, "ಪಲ್ಯ ಎಲ್ಲೈತಿ?" ಎಂದು ಮಾವ ರೇಗುತ್ತಿದ್ದರಂತೆ. ಅತ್ತೆ ತಟ್ಟೆ ತಿರುಗಿಸಿದೊಡನೆ ಪಲ್ಯ ಪ್ರತ್ಯಕ್ಷ! ನೆನಪಿಗೂ ಇದೇ ಗತಿ. 1978ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾಟಿ ಎಂಬ ವಿದ್ವಾಂಸರು ಇಟಲಿಯ ಮಿಲಾನ್ ನಗರದ ಇಂಥ ಇಬ್ಬರು ರೋಗಿಗಳಿಗೆ ಊರಿನ ದೊಡ್ಡ ಚೌಕವನ್ನು ನೆನೆದು ಬಣ್ಣಿಸಲು ಹೇಳಿದರು. ಒಂದು ತುದಿಯಲ್ಲಿ ನಿಂತಂತೆ ಊಹಿಸಿದಾಗ ಎಡಗಡೆಯ ಕಟ್ಟಡಗಳು ಬಿಟ್ಟುಹೋದವು. ಎದುರು ತುದಿಯಿಂದ ಊಹಿಸಿದಾಗ ಅವೇ ಬಾಯಿಗೆ ಬಂದವು. ಮರೆತಿರಲಿಲ್ಲ, ಆ ಕಡೆ ಮನಸ್ಸು ತಿರುಗಿರಲಿಲ್ಲ.

ಚಿಕಿತ್ಸೆಯೆಂದರೆ ಮನಸ್ಸನ್ನು ಆ ಕಡೆ ತಿರುಗಿಸುವ ಅಭ್ಯಾಸ. ಪತ್ರಿಕೆಯ ಎಡ ಅಂಚಿಗೆ ಕೆಂಪು ಗೆರೆ ಎಳೆಯುತ್ತಾರೆ. ಅದು ಕಾಣುವವರೆಗೆ ಸಾಲು ಓದುವಂತಿಲ್ಲ. ನೋಟವನ್ನು ಬಲಕ್ಕೆ ಸರಿಸುವ ಪಟ್ಟಕದ ಕನ್ನಡಕ ಹಾಕಿಸಿ ಗುರಿ ಮುಟ್ಟಿಸುವ ವಿಧಾನವೊಂದನ್ನು 1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ಮತ್ತು ಸಂಗಡಿಗರು ಪ್ರಕಟಿಸಿದರು. ಕನ್ನಡಕ ತೆಗೆದ ಮೇಲೆ ಗಮನ ಎಡಕ್ಕೆ ವಾಲುತ್ತದೆ. ಕಾಗದದ ಪರೀಕ್ಷೆಯಲ್ಲಿ ಕಂಡ ಗುಣ ದಿನದ ಬಾಳಿಗೂ ಇಳಿದೀತೆಂಬ ಭರವಸೆ ಮಾತ್ರ ಇನ್ನೂ ಗಟ್ಟಿಯಾಗಿಲ್ಲ.

ಪ್ರತಿಸಲವೂ ತಟ್ಟೆ ತಿರುಗಿಸಬೇಡಿ, ಎಡಗಡೆಯಿಂದ ಕರೆಯಿರಿ ಎಂದು ವೈದ್ಯರು ಹೇಳಿದ್ದರು. ಅತ್ತೆಯ ಕರುಳು ಕೇಳುತ್ತಿರಲಿಲ್ಲ. ಯಾವುದು ಕರುಣೆ? ತಟ್ಟೆ ತಿರುಗಿಸಿದರೆ ಹಸಿವು ತೀರುತ್ತದೆ, ಆದರೆ ಅರ್ಧ ಲೋಕ ಕತ್ತಲಲ್ಲೇ ಉಳಿಯುತ್ತದೆ. ಕಾಣದ್ದಕ್ಕೆ ರೋಗಿ ಹೊಣೆಯಲ್ಲ. ಕಾಣುವ ಯತ್ನವನ್ನು ಮಾತ್ರ ಅವನ ಬದಲು ಬೇರೆಯವರು ಮಾಡಲಾರರು. ಬಲ್ಲವನು ಮಾಡಬಹುದಾದದ್ದು ದೂರದೆ, ದಣಿಯದೆ ಕರೆಯುವುದು. ಕೆಂಪು ಗೆರೆ ಯಾರನ್ನೂ ಬೈಯುವುದಿಲ್ಲ.

ಮತ್ತೆ ಹೋದೆ. ಎಡಗಡೆಯೇ ಕುಳಿತೆ. ಕರೆದೆ, ಕೈ ಮುಟ್ಟಿದೆ, ಮತ್ತೆ ಕರೆದೆ. ಬಹಳ ಹೊತ್ತಿನ ಮೇಲೆ ಮುಖ ಮೆಲ್ಲನೆ ಹೊರಳಿತು.

"ಯಾವಾಗ ಬಂದಿ?" ಎಂದರು.

"ಈಗ ಬಂದೆ, ಮಾವಾ" ಎಂದೆ. ಅದು ನಿಜವೇ ಆಗಿತ್ತು.